ಮೇಷ್ಟ್ರ ಚಿತ್ರದೊಳಗೆ ಬೈರಯ್ಯನ ಓಟ

ಆಫೀಸಿಗೆ ಹೊಸ ಸೈಕಲ್ ಬಂದದ್ದು ಒಂದು, ಜವಾನರು ಇದ್ದದ್ದು ಇಬ್ಬರು. ಆದ ಫಜೀತಿಗೆಲ್ಲ ಇದೇ ಮೂಲ.

ಹಳೇಕೋಟೆ ಕಡೆಯ ಆ ಸರ್ಕಾರಿ ಆಫೀಸು ಯಾವ ಇಲಾಖೆಯದು ಅಂತ ನಾನು ಹೇಳುವುದಿಲ್ಲ. ಐವತ್ತೆಂಟನೇ ಇಸವಿಯ ಮಾತು, ಈಗ ಯಾಕೆ ಸುಮ್ಮನೆ ನಿಷ್ಠುರ! ಜವಾನ ಬೈರಯ್ಯ ಹದಿನಾಲ್ಕು ವರ್ಷದಿಂದ ಟಪಾಲು ಹೊತ್ತು ನಡೆದೂ ನಡೆದೂ ಅಂಗಾಲೆಲ್ಲ ಆಣಿ ಮಾಡಿಕೊಂಡಿದ್ದ. ಅವನಿಗೆ ಬಡ್ತಿ ಬೇಡ, ಭೂಮಿ ಬೇಡ, ಆ ಸೈಕಲ್ ಒಂದು ಸಿಕ್ಕರೆ ಸಾಕಿತ್ತು. ಹೊಳೆನರಸೀಪುರದಲ್ಲಿ ಬಾಡಿಗೆ ಸೈಕಲ್ ತಗೊಂಡು, ಮೊಣಕಾಲು ತರಚಿಕೊಂಡು, ತುಳಿಯುವುದನ್ನು ಕಲಿತೂ ಬಿಟ್ಟಿದ್ದ. ಇನ್ನೊಬ್ಬ ಜವಾನ ಚೆನ್ನಯ್ಯ, ಕೂತಲ್ಲಿಂದ ಏಳುವುದಕ್ಕೂ ಎರಡು ಸಲ ಯೋಚಿಸುವ ಆಸಾಮಿ.

"ಇಬ್ಬರಿಗೂ ಓಟ ಇಡೋಣ. ಸೈಕಲ್ ಯಾರಿಗೆ ಸೇರಬೇಕು ಅಂತ ಅದರಲ್ಲೇ ಗೊತ್ತಾಗುತ್ತೆ," ಎಂದರು ಸಾಹೇಬರು.

ಎಲ್ಲಿ ಓಡುವುದು? ಗೋಡೆಯ ಮೇಲೆ ಡ್ರಾಯಿಂಗ್ ಮೇಷ್ಟ್ರು ಗೌರೀಶಂಕರ ಬರೆದ ಚಿತ್ರವಿತ್ತು. ಕೆರೆ ಏರಿ, ರಾಗಿ ಹೊಲ, ತೆಂಗಿನ ತೋಟ, ಬೋರೆ ಗುಡ್ಡ, ಎಲ್ಲವನ್ನೂ ಸುತ್ತಿ ಹೊರಟಲ್ಲಿಗೇ ಬಂದು ಸೇರುವ ಕೆಂಪು ಕಾಲುದಾರಿ. "ಇದೇ ದಾರಿ ಆಗಲಿ! ಓಡೋರಿಗೂ ಕಣ್ಣಿಗೆ ಹಬ್ಬ," ಎಂದು ಸಾಹೇಬರು ಚಿತ್ರವನ್ನು ಹೊಗಳಿದರು. ಅಲ್ಲೇ ನಿಂತಿದ್ದ ಮೇಷ್ಟ್ರು ಏನೋ ಹೇಳಲು ಹೊರಟವರು, ಹೊಗಳಿಕೆ ಕೇಳಿ ಮಾತು ನುಂಗಿ ಕೈ ಮುಗಿದರು.

ಭಾನುವಾರ ಬೆಳಿಗ್ಗೆ ಸಾಹೇಬರು ಸೀಟಿ ಊದಿದರು. ಬೈರಯ್ಯ ಪಂಚೆ ಎತ್ತಿಕಟ್ಟಿ ಕಿತ್ತನಲ್ಲ ಓಟ! ಚೆನ್ನಯ್ಯ ಎಲೆಗೆ ಸುಣ್ಣ ಸವರುತ್ತಾ ಹೊರಟ.

ಏರಿಯವರೆಗೆ ಎಲ್ಲ ಚಿತ್ರದಂತೆಯೇ ಇತ್ತು. ನೀರಿನ ಮೇಲೆ ಎಳೆಬಿಸಿಲು, ತಣ್ಣನೆ ಗಾಳಿ. ನಮ್ಮೂರು ಇಷ್ಟು ಚೆನ್ನಾಗಿದೆಯಾ ಅಂತ ಬೈರಯ್ಯನಿಗೆ ಓಡುತ್ತಲೇ ಖುಷಿಯಾಯಿತು. ಏರಿಯ ಆಚೆಗೆ ಅವನು ಕಾಲಿಟ್ಟವನಲ್ಲ, ಟಪಾಲಿನ ದಾರಿಯೇ ಬೇರೆ. ಏರಿ ಇಳಿದದ್ದೇ ತಡ, ಚಿತ್ರದಲ್ಲಿ ಇಲ್ಲದ ಹಳ್ಳವೊಂದರಲ್ಲಿ ಮೊಣಕಾಲುದ್ದ ಹೂತುಹೋದ. ದಡದಲ್ಲಿ ಗೌರೀಶಂಕರ ಮೇಷ್ಟ್ರು ಹೊಸ ಚಿತ್ರ ಬರೆಯುತ್ತಾ ಕೂತಿದ್ದರು.

"ಇದೆಲ್ಲಿಂದ ಬಂತು ಮೇಷ್ಟ್ರೇ?"

"ಮೊದಲಿಂದ್ಲೂ ಇತ್ತಪ್ಪ. ಹಳ್ಳ ಬರೆದರೆ ಚಿತ್ರ ಕೆಡುತ್ತೆ ಅಂತ ಬಿಟ್ಟೆ."

"ಮುಂದಕ್ಕೆ ಇನ್ನೇನೇನು ಬುಟ್ಟಿದೀರಿ ಸಾ?"

"ಒಂದು ಮುಳ್ಳುಬೇಲಿ," ಎಂದು ಮೇಷ್ಟ್ರು ಸಂಕೋಚದಿಂದ ಹೇಳಿದರು. "ಆಮೇಲೆ ಜಯಲಕ್ಷ್ಮಮ್ಮನವರ ನಾಯಿ. ಅದರ ಬಾಲ ನನ್ನ ಕೈಗೆ ಕೂರಲಿಲ್ಲ."

ಬೇಲಿ ಅರ್ಧ ಪಂಚೆಯನ್ನು ತಾನೇ ಇಟ್ಟುಕೊಂಡಿತು. ಹರಿದ ಬಟ್ಟೆ, ಮೈಯೆಲ್ಲ ಕೆಸರು, ಹೀಗೆ ಓಡಿ ಬರುತ್ತಿದ್ದವನನ್ನು ಕಂಡು ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಮುದ್ದಮ್ಮ ಎದೆ ಹಿಡಿದುಕೊಂಡಳು.

"ಅಯ್ಯಯ್ಯೋ ಬೈರಣ್ಣಾ, ಯಾರು ಓಗ್ಬುಟ್ರು?"

"ಯಾರೂ ಓಗಿಲ್ಲ ಕಣವ್ವಾ! ಓಟದ ಪಂದ್ಯ, ಸೈಕಲ್ ಕೊಡ್ತಾರೆ!"

"ಅಂಗಾ! ಎಂಗೂ ಓಡ್ತಿದೀಯ, ಈ ಕುಂಬಳಕಾಯಿ ನನ್ ಮಗಳು ಮಲ್ಲಿಗಮ್ಮನ ಮನೇಗೆ ಕೊಟ್ಬುಡು. ಬೋರೆ ಪಕ್ಕದಲ್ಲೇ ಅದೆ."

ಆಗುವುದಿಲ್ಲ ಎಂದು ಹೇಳಬೇಕಾದರೆ ನಿಲ್ಲಬೇಕು. ನಿಂತರೆ ಸೈಕಲ್ ಹೋಯಿತು. ಹೊತ್ತುಕೊಂಡು ಓಡುವುದೇ ಸುಲಭವಾಗಿ ಕಂಡಿತು ಬೈರಯ್ಯನಿಗೆ.

ತೆಂಗಿನ ತೋಟದ ಹತ್ತಿರ ಆ ನಾಯಿ ಬಂತು. ತಲೆಯ ಮೇಲೆ ಕುಂಬಳಕಾಯಿ ಇಟ್ಟುಕೊಂಡು ಓಡುವ ಮನುಷ್ಯನನ್ನು ಅದು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ನಿಂತ್ಕೊಳ್ಳೋ ಬೈರಯ್ಯ, ಅದು ಕಚ್ಚಲ್ಲ!" ಎಂದು ಜಯಲಕ್ಷ್ಮಮ್ಮ ಜಗಲಿಯಿಂದ ಕೂಗಿದರು.

"ಅದುಕ್ಕೆ ಗೊತ್ತಾ ತಾಯೀ?" ಎನ್ನುತ್ತಾ ಬೈರಯ್ಯ ಹಾರಿದ. ಮಲ್ಲಿಗಮ್ಮನ ಮನೆ ಬಂತು, ಹೋಯಿತು. ಬೋರೆ ಬಂತು, ಹೋಯಿತು. ನಾಯಿ ಮಾತ್ರ ಹೋಗಲಿಲ್ಲ. ಕುಂಬಳಕಾಯಿ ಸಮೇತ ಅವನು ಆಫೀಸಿನ ಅಂಗಳಕ್ಕೆ ಬಂದು ಬಿದ್ದಾಗ ಜನ ಹೋ ಎಂದು ಚಪ್ಪಾಳೆ ತಟ್ಟಿದರು.

"ನಾಲ್ಕು ಮೈಲಿ, ಮೂವತ್ತೆಂಟೇ ನಿಮಿಷ!" ಸಾಹೇಬರು ಗಡಿಯಾರವನ್ನು ಕಿವಿಗಿಟ್ಟು ನಿಂತಿಲ್ಲ ತಾನೇ ಎಂದು ನೋಡಿದರು.

"ಅದೂ ಹೊರೆ ಹೊತ್ಕೊಂಡು ಸಾರ್! ಹತ್ತು ಸೇರಿಗೆ ಕಮ್ಮಿ ಇಲ್ಲ," ಎಂದರು ಹೆಡ್ ಗುಮಾಸ್ತೆ ರಂಗಸ್ವಾಮಿ. ತೂಕ ನೋಡಲು ಕುಂಬಳಕಾಯಿ ಎತ್ತಿಕೊಂಡವರು ಆಮೇಲೆ ಕೆಳಗಿಡಲೇ ಇಲ್ಲ.

ಬೈರಯ್ಯ ಸೈಕಲ್ ಹತ್ತಿರ ಹೋಗಿ ಹ್ಯಾಂಡಲ್ ಸವರಿದ. ಗಂಟೆಯನ್ನೂ ಒಂದು ಸಲ ಬಾರಿಸಿದ. ಕಣ್ಣಲ್ಲಿ ನೀರು ಬಂತು.

ಎರಡು ಗಂಟೆ ಬಿಟ್ಟು ಚೆನ್ನಯ್ಯ ಬಂದ. ಯಾರದೋ ಗೊಬ್ಬರದ ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತಿದ್ದ.

ಸಾಹೇಬರು ಬೈರಯ್ಯನ ಕೊರಳಿಗೆ ಹಾರ ಹಾಕಿ, ಬೆನ್ನು ತಟ್ಟಿ, ಜನರ ಕಡೆ ತಿರುಗಿದರು. "ನೋಡಿದಿರಲ್ಲ, ಯಾರಿಗೆ ಸೇರಬೇಕು ಅಂತ ಗೊತ್ತಾಯ್ತಲ್ಲ? ಚೆನ್ನಯ್ಯ, ಬಾ, ಸೈಕಲ್ ತಗೋ."

"ಸಾ... ಗೆದ್ದೋನು ನಾನು ಸಾ!"

"ಅದಕ್ಕೇ ಕಣಯ್ಯ! ಹೊರೆ ಹೊತ್ತು ಇಷ್ಟು ಓಡೋನಿಗೆ ಸೈಕಲ್ ಯಾಕೆ? ಅದಿಲ್ಲದೆ ಟಪಾಲು ತಲುಪದೇ ಇರೋದು ಈ ಚೆನ್ನಯ್ಯನ ಕೈಯಲ್ಲಿ."

ಜನರೆಲ್ಲ ಹೌದು ಹೌದು ಎಂದರು. ಮಾತು ಎಷ್ಟು ನ್ಯಾಯವಾಗಿ ಕೇಳಿಸಿತೆಂದರೆ, ಒಂದು ಗಳಿಗೆ ಬೈರಯ್ಯನೂ ತಲೆ ಆಡಿಸಿಬಿಟ್ಟ.

"ನಂಗೆ ತುಳಿಯಾಕೆ ಬರಾಕಿಲ್ವಲ್ಲ ಸಾ," ಎಂದು ಚೆನ್ನಯ್ಯ ರಾಗ ಎಳೆದ.

"ಅದಕ್ಕೇನಂತೆ? ಬೈರಯ್ಯ ಕಲಿತಿದಾನೆ. ಅವನೇ ಕಲಿಸ್ತಾನೆ."

ಸಾಯಂಕಾಲ ಕೆರೆ ಏರಿಯ ಮೇಲೆ ಬಿಸಿಲು ಬಂಗಾರದ ಹಾಗಿತ್ತು. ಚೆನ್ನಯ್ಯ ಸೈಕಲ್ ಮೇಲೆ ಅತ್ತಿತ್ತ ವಾಲುತ್ತಾ ಕೂತಿದ್ದ.

"ಬುಟ್ಗಿಟ್ಟೀಯ ಕಣ್ಲಾ ಬೈರ, ಬಿದ್ದೋಯ್ತೀನಿ!"

"ಬುಡಾಕಿಲ್ಲ, ನೀನು ತುಳಿಯಲಾ," ಎಂದ ಬೈರಯ್ಯ, ಹಿಂದಿನಿಂದ ಸೀಟು ಹಿಡಿದುಕೊಂಡು ಓಡುತ್ತಾ. ಅದು ಅವನಿಗೆ ಅವತ್ತಿನ ಎರಡನೇ ಸುತ್ತು.