ಟವೆಲ್ ಕೆಳಗಿನ ಸೀಟು

ನಾನು ಗಣಿತ ಕಲಿಸಿ ನಿವೃತ್ತನಾದವನು. ನಿವೃತ್ತಿ ಅಂದರೆ ಬಾಯಿಗೆ ವಿಶ್ರಾಂತಿ ಅಂದುಕೊಂಡಿದ್ದೆ. ಪಿಯುಸಿ ಫಲಿತಾಂಶ ಬಂತೆಂದರೆ ಸಾಕು, ಸುರಪುರದ ನಮ್ಮ ಓಣಿಗೆಲ್ಲ ನನ್ನ ಮನೆಯ ಕಟ್ಟೆ ನೆನಪಾಗುತ್ತದೆ. ಅಂಕ ಅಂದರೇನು, ರ್ಯಾಂಕ್ ಅಂದರೇನು, ಸೀಟು ಸಿಕ್ಕಿತೋ ಇಲ್ಲವೋ, ಎಲ್ಲ ನಾನೇ ಹೇಳಬೇಕು. ಹೇಳುತ್ತೇನೆ. ಯಾರೂ ಕೇಳುವುದಿಲ್ಲ. ಮರುವರ್ಷ ಮತ್ತೆ ಬರುತ್ತಾರೆ. ನಾನು ಮನೆಯಲ್ಲಿಲ್ಲ ಅಂತ ಹೇಳಿಸೋಣವೆಂದರೆ, "ಒಳಗ ಕುಂತಾರ್ರಿ, ಬರ್ರಿ" ಎಂದು ಕೂಗಿ ಕರೆಯುವ ಹೆಂಡತಿ ಇದ್ದಾಳೆ.

ಈ ಸಲದ್ದನ್ನು ಬರೆದಿಡುತ್ತೇನೆ. ಬರೆದರೆ ಬಾಯಿಂದ ಹೇಳುವುದು ತಪ್ಪುತ್ತದೆ.

ಅರ್ಧ ರೊಟ್ಟಿ

ಮೊದಲು ಬಂದವನು ಗೋಗಿಯ ರೈತ. ಶಹಾಪುರದಲ್ಲಿ ಬಸ್ಸು ಬದಲಿಸಿ ಬಂದಿದ್ದ. ಕೂಡಲೂ ಇಲ್ಲ.

"ಸರ, ಮೋಸ ಆಗ್ಯಾದ್ರಿ. ನನ್ನ ಮಗ ಪಿಯುಸಿಯಾಗ ತೊಂಬತ್ತು ಪರ್ಸೆಂಟ್ ತಗೊಂಡಾನ. ಸಿಇಟಿಯವ್ರು ನಲವತ್ತೈದು ಹಿಡದಾರ. ಉಳಿದದ್ದು ಯಾರು ತಿಂದ್ರಿ?"

ಯಾರೂ ತಿಂದಿರಲಿಲ್ಲ. ರ್ಯಾಂಕ್ ಕೊಡುವಾಗ ಪಿಯುಸಿ ಅಂಕದಲ್ಲಿ ಅರ್ಧ, ಸಿಇಟಿ ಅಂಕದಲ್ಲಿ ಅರ್ಧ ತೆಗೆದುಕೊಂಡು ಕೂಡಿಸುತ್ತಾರೆ. ಅಷ್ಟೇ. ಆದರೆ ಅಷ್ಟು ಹೇಳಿದರೂ ಅವನ ಮುಖ ಬದಲಾಗಲಿಲ್ಲ. ಹೆಂಡತಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಒಂದು ತರಿಸಿದೆ. ಮುರಿದೆ.

"ಇದು ಅರ್ಧ ಪಿಯುಸಿ. ಇದು ಅರ್ಧ ಸಿಇಟಿ. ಕೂಡಿದ್ರ ಒಂದು. ತಿಳೀತು?"

"ಪೂರಾ ತಿಳೀತ್ರಿ ಸರ."

ಕೈ ಮುಗಿದ. ಮೆಟ್ಟಿಲು ಇಳಿದ. ಗೇಟಿನ ತನಕ ಹೋದವನು ಹೊಳ್ಳಿ ನಿಂತ.

"ಆದ್ರ ಸರ, ನನ್ನ ಮಗ ತಂದದ್ದು ಪೂರಾ ರೊಟ್ಟಿ ಅಲ್ರಿ? ಅದನ್ನ ಮುರದವ್ರು ಯಾರು?"

ಪೇಢಾ

ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ದನದ ದಲಾಲಿ ಇದ್ದಾನೆ. ದನದ ಸಂತೆಯಲ್ಲಿ ಎಮ್ಮೆ, ಎತ್ತು ಕೊಡಿಸುವುದು ಅವನ ಕಸುಬು. ಅಲ್ಲಿ ರೇಟನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಇಬ್ಬರ ಕೈ ಮೇಲೆ ಒಂದು ಟವೆಲ್. ಒಳಗೆ ಬೆರಳು ಹಿಡಿದು ವ್ಯಾಪಾರ. ಬಾಯಿ ಮಳೆಯ ಸುದ್ದಿ ಮಾತಾಡುತ್ತಿರುತ್ತದೆ, ಬೆರಳು ಬೆಲೆ ಮಾತಾಡುತ್ತಿರುತ್ತದೆ. "ಹ್ಞೂಂ" ಅಂದರೆ ವ್ಯಾಪಾರ ಮುಗಿಯಿತು, ದನದ ಹಗ್ಗ ಕೈಗೆ ಕೊಡಬೇಕು. ಹ್ಞೂಂ ಅಂದು ಹಿಂದೆ ಸರಿದವನನ್ನು ಮುಂದಿನ ವಾರ ಸಂತೆಯಲ್ಲಿ ಯಾರೂ ಮಾತಾಡಿಸುವುದಿಲ್ಲ.

ಅವನಿಗೆ ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ಅಪ್ಪನ ಸೈಕಲ್ ಮೋಟಾರಿನ ಮುಂದೆ ಕುಳಿತು ಸಂತೆ ಸುತ್ತಿದವಳು. ಎಮ್ಮೆಯ ಬಾಯಿ ಬಿಡಿಸಿ ಹಲ್ಲು ನೋಡಲು ಹೆದರುವವಳಲ್ಲ. ಅವಳಿಗೆ ಒಂದೇ ಆಸೆ. ಪಶುವೈದ್ಯೆ ಆಗಬೇಕು. ಅದೂ ಬೀದರದ ಕಾಲೇಜಿನಲ್ಲಿ, ಹತ್ತಿರ ಅಂತ. ಈ ಬೇಸಿಗೆ ಪೂರ್ತಿ ಅವಳು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಸರ್, ಬೀದರ ಸಿಗತದೇನ್ರಿ?"

"ನೋಡೂನು" ಅನ್ನುತ್ತಿದ್ದೆ.

ಸಿಇಟಿ ಫಲಿತಾಂಶದ ದಿನ ದಲಾಲಿ ಪೇಢಾ ಡಬ್ಬಿ ಹಿಡಿದು ಬಂದ. ಹಿಂದೆ ಮಗಳು, ಮುಖ ಸಣ್ಣಗೆ ಮಾಡಿಕೊಂಡು.

"ಮಾಸ್ತರ್ರ, ಒಂದು ಪರೀಕ್ಷಾಕ್ಕ ಐದಾರು ನಂಬರ ಬಂದಾವ್ರಿ. ಎಲ್ಲಾದ್ರಾಗ ದೊಡ್ಡದು ಯಾವುದು ಅದನ್ನ ಹಿಡದು ಓಣಿತುಂಬ ಹಂಚೀನಿ."

ಒಂದೊಂದು ಕೋರ್ಸಿಗೆ ಒಂದೊಂದು ರ್ಯಾಂಕ್ ಕೊಡುತ್ತಾರೆ. ದೊಡ್ಡ ನಂಬರು ಇದ್ದದ್ದು ಎಂಜಿನಿಯರಿಂಗಿನದು. ರ್ಯಾಂಕಿನಲ್ಲಿ ನಂಬರು ದೊಡ್ಡದಾದಷ್ಟೂ ನೀನು ಹಿಂದೆ. ನಾನು ಪೇಢಾ ತಿಂದೆ. ಕೈ ತೊಳೆದೆ. ಆಮೇಲೆ ಸತ್ಯ ಹೇಳಿದೆ.

"ನಾ ಬಡಕೊಂಡೆ ಸರ್, ಕೇಳಲಿಲ್ಲ," ಅಂದಳು ಮಗಳು.

"ಹಂಗಾದ್ರ ಸಣ್ಣ ನಂಬರ ಯಾವುದ್ರಿ?"

"ಪಶುವೈದ್ಯ. ಚಲೋ ಅದ."

ದಲಾಲಿ ಖಾಲಿ ಡಬ್ಬಿ ನೋಡಿದ.

"ಎಂಜಿನಿಯರಿಂಗಿಗಂತ ಹೇಳಿ ಹಂಚಿಬಿಟ್ಟೀನಲ್ರಿ. ಮಂದಿ ತಿಂದಾರ. ಇನ್ನ ಅದಕ್ಕಾ ಹಾಕಿಬಿಡೂನೇನು?"

ಬೆರಳು ಸಾಲಲಿಲ್ಲ

ಎರಡು ದಿನ ಬಿಟ್ಟು ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತಿದ್ದೆ. ದಲಾಲಿ ಬಂದು ಪಕ್ಕದಲ್ಲಿ ಕುಳಿತ. ಮಗಳ ಹಟಕ್ಕೆ ಎಂಜಿನಿಯರಿಂಗ್ ಬಿಟ್ಟಿದ್ದ. ಹೋದ ವರ್ಷ ಬೀದರದ ಸೀಟು ಎಷ್ಟನೆಯ ರ್ಯಾಂಕಿಗೆ ಮುಗಿದಿತ್ತೆಂದು ಅವನಿಗೆ ಗೊತ್ತಾಗಬೇಕಿತ್ತು. ಹೇಳಲು ಬಾಯಿ ತೆರೆದೆ.

"ಬಾಯಿಲೆ ಬ್ಯಾಡ್ರಿ! ನಾಲ್ಕು ಮಂದಿ ಕುಂತಾರ, ಕಣ್ಣು ಬೀಳತದ."

ಹೆಗಲ ಟವೆಲ್ ತೆಗೆದು ನನ್ನ ಕೈ ಮೇಲೆ ಹಾಕಿದ. ಒಳಗೆ ಬೆರಳು ಹಿಡಿದ. ಸಾವಿರದ ಲೆಕ್ಕವನ್ನು ಬೆರಳಲ್ಲಿ ಹೇಗೆ ಹೇಳುವುದು? ಹಿಡಿದೆ, ಬಿಟ್ಟೆ, ಮತ್ತೆ ಹಿಡಿದೆ. ಗಣಿತ ಕಲಿಸಿದವನಿಗೆ ಬೆರಳು ಸಾಲಲಿಲ್ಲ. ಚಹಾ ಆರಿಹೋಯಿತು. ಕೈ ಕಿತ್ತುಕೊಂಡು ಎದ್ದೆ.

ಸಂಜೆ ಹುಣಸಗಿ ಕಡೆಯ ಇಬ್ಬರು ಮನೆಗೆ ಬಂದರು. "ಮಾಸ್ತರ್ರು ಎಮ್ಮಿ ಮಾರಾಕತ್ತಾರಂತ. ರೇಟ ಕುದುರಲಿಲ್ಲಂತ. ಎಲ್ಲಿ ಅದರಿ, ನೋಡಬೇಕಿತ್ತು."

ಹೆಂಡತಿ ಅಡುಗೆ ಮನೆಯಿಂದಲೇ ಕೂಗಿದಳು. "ಒಳಗ ಕುಂತಾರ್ರಿ, ಬರ್ರಿ."

ಮೀನು

ಬೇಕಾದ ಕಾಲೇಜುಗಳನ್ನು ಒಂದರ ಕೆಳಗೊಂದು ತುಂಬುವ ದಿನ ಬಂತು. ನನ್ನನ್ನು ಕೇಳಲಿಲ್ಲ. ಮಗಳನ್ನು ಅತ್ತ ಕೂಡಿಸಿ ದಲಾಲಿಯೇ ಇಂಟರ್ನೆಟ್ ಅಂಗಡಿಯ ಸಾಬರಿಗೆ ಹೇಳಿ ತುಂಬಿಸಿದ. ಕೆಲವು ದಿನಕ್ಕೆ ಅಣಕು ಹಂಚಿಕೆ ಬಂತು. ಅಂದರೆ ನಿಜವಾದ ಸೀಟಲ್ಲ, ಹೀಗೇ ಬಿಟ್ಟರೆ ಇದು ಸಿಗುತ್ತದೆ ಅಂತ ಮೊದಲೇ ತೋರಿಸುವುದು.

ಮಗಳು ಅಳುತ್ತ ಬಂದಳು.

"ಸರ್, ಮಂಗಳೂರು ಮೀನುಗಾರಿಕೆ ಕಾಲೇಜು!"

ನೋಡಿದೆ. ತುಂಬಿಸಿದ ಪಟ್ಟಿಯಲ್ಲಿ ಮೀನು ಎಲ್ಲಕ್ಕಿಂತ ಮೇಲಿತ್ತು. ಬೀದರ ಎಲ್ಲಕ್ಕಿಂತ ಕೆಳಗಿತ್ತು. ದಲಾಲಿಯನ್ನು ಕರೆಸಿದೆ.

"ಯಾಕ?"

"ಮನಸಿನ್ಯಾಗ ಇದ್ದದ್ದು ಮೊದಲ ಬಾಯಾಗ ಬರಬಾರದ್ರಿ ಮಾಸ್ತರ್ರ. ಬೇಕಾದ ಎಮ್ಮಿ ಮುಂದ ನಿಂತ್ರ ರೇಟ ಏರಸ್ತಾರ. ಬ್ಯಾಡಾದ್ದರ ಮುಂದ ನಿಂದರಬೇಕು. ಆಮ್ಯಾಲ ಸುಮ್ಮ ಕೇಳಿದಂಗ ಮಾಡಿ, ಅದು ಹೆಂಗ ಅನಬೇಕು."

"ಕಂಪ್ಯೂಟರಿಗಿ ಅದೆಲ್ಲ ತಿಳಿಯೂದಿಲ್ಲ. ಮೊದಲನೇದು ನೋಡತದ. ಸಿಕ್ಕರ ಕೊಟ್ಟು ನಿಲ್ಲತದ. ಕೆಳಗ ಓದೂದಿಲ್ಲ."

"ಓದೂದೇ ಇಲ್ಲ?"

"ಇಲ್ಲ."

"ಎಂಥಾ ವ್ಯಾಪಾರದವ್ರರಿ ಅವ್ರು!"

ತಿದ್ದಲು ಇನ್ನೂ ಸಮಯವಿತ್ತು. ಗಂಟೆಗಟ್ಟಲೆ ಹೇಳಿದ ಮೇಲೆ ಬೀದರವನ್ನು ಎರಡನೆಯ ಜಾಗಕ್ಕೆ ತರಲು ಒಪ್ಪಿದ. ಮೊದಲನೆಯ ಜಾಗಕ್ಕೆ ಮಾತ್ರ ಒಪ್ಪಲಿಲ್ಲ. ಅಲ್ಲಿ ಬೆಂಗಳೂರಿನ ಪಶುವೈದ್ಯ ಕಾಲೇಜು ಬರೆಸಿದ. ಅವಳ ರ್ಯಾಂಕಿಗೆ ಬೆಂಗಳೂರು ಎಟಕುವುದು ಕಷ್ಟ. ಇದ್ದರೆ ನಷ್ಟವಿಲ್ಲ ಅಂತ ಬಿಟ್ಟೆ.

ಮೀನಿನ ಸುದ್ದಿ ಕೇಳಿ ಬೇಜಾರಾಗದವಳು ದಲಾಲಿಯ ತಾಯಿ ಒಬ್ಬಳೇ. ಸಿಟ್ಟಿಗೆದ್ದಳು, ಅಷ್ಟೇ. "ಅಲ್ಲಿ ಮೀನಿಗೂ ಕಾಲೇಜ ಅದೇನು? ಇಲ್ಲಿ ನಮ್ಮ ಎಮ್ಮಿಗಿ ಡಾಕ್ಟರ್ ಸಿಗವಲ್ಲ!"

ಪಾಸು

ದಲಾಲಿಯ ಹೆಂಡತಿ ಒಂದೇ ಸಲ ಬಂದಳು. ಬಾಗಿಲ ಬಳಿ ನಿಂತು ಸೆರಗು ಸರಿ ಮಾಡಿಕೊಂಡಳು.

"ರ್ಯಾಂಕ್ ಅಂತಾರ, ಹಂಚಿಕಿ ಅಂತಾರ, ಅಪ್ಪ ಮಗಳು ದಿನಾ ಜಗಳಾಡ್ತಾರ. ನನಗ ಒಂದಾ ಮಾತು ಹೇಳ್ರಿ ಸರ. ಹುಡುಗಿ ಪಾಸಾಗ್ಯಾಳೋ ಇಲ್ಲೋ?"

"ಆಗ್ಯಾಳ. ಮೇ ತಿಂಗಳ ಮೊದಲೇ ಆಗ್ಯಾಳ."

"ಹಂಗಾದ್ರ ಮತ್ತ ಇಷ್ಟು ದಿನ ನೀವೆಲ್ಲ ಏನು ಮಾಡಾಕತ್ತೀರಿ?"



ಹಿಂದೆ ನೋಡಬಾರದು

ಮೊದಲ ಸುತ್ತಿನ ನಿಜವಾದ ಹಂಚಿಕೆಯಲ್ಲಿ ಬೀದರ ಬಂತು. ಮಗಳು ಕುಣಿದಳು. ನಾನೂ ಒಂದು ಕಪ್ ಚಹಾ ಹೆಚ್ಚು ಕುಡಿದೆ. ಮುಗಿಯಿತು ಅಂದುಕೊಂಡೆ. ತಪ್ಪು.

ಸೀಟು ಬಂದರೆ ಸಾಲದು. ನಾಲ್ಕರಲ್ಲಿ ಒಂದನ್ನು ಒತ್ತಬೇಕು. ಒಂದನೆಯದು, ಒಪ್ಪಿದೆ, ಹೋಗಿ ಸೇರುತ್ತೇನೆ. ಎರಡನೆಯದು, ಒಪ್ಪಿದೆ, ಆದರೆ ಇನ್ನೂ ಮೇಲಿನದು ಸಿಕ್ಕರೆ ನೋಡುತ್ತೇನೆ. ಮೂರನೆಯದು, ಈ ಸೀಟು ಬೇಡ, ಬಿಟ್ಟೆ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕನೆಯದು, ನಿಮ್ಮ ಸಹವಾಸವೇ ಬೇಡ.

ಕೊನೆಯ ದಿನ. ಇಂಟರ್ನೆಟ್ ಅಂಗಡಿ. ಮಗಳು ಒಂದು ಅಂದಳು. ದಲಾಲಿ ಮೂರು ಅಂದ.

"ಯಪ್ಪಾ, ಬೇಕಾದ್ದಾ ಸಿಕ್ಕದ!"

"ಏ ತಂಗಿ, ಕೇಳಿದ ಕೂಡಲೇ ಕೊಟ್ಟಾರಂದ್ರ ಏನೋ ಹುಳುಕು ಅದ. ಮೊದಲ ರೇಟಿಗೆ ಎಂದಾರ ದನ ಹಿಡದೀನೇನು ನಾ? ಬ್ಯಾಡ ಅಂದು ಎದ್ದು ಹೋಗಬೇಕು. ಹಿಂದ ಹೊಳ್ಳಿ ನೋಡಬಾರದು. ಅವ್ರಾ ಕೂಗಿ ಕರೀತಾರ."

"ಕರೆಯೂದಿಲ್ಲ," ಅಂದೆ. "ಸೀಟು ಇನ್ನೊಬ್ಬರಿಗಿ ಹೋಗತದ. ಮತ್ತ ಸಿಗೂದು ಖಾತ್ರಿ ಇಲ್ಲ."

"ನೀವು ಸುಮ್ಮ ಕೂಡ್ರಿ ಮಾಸ್ತರ್ರ. ನಿಮಗ ಒಂದು ಎಮ್ಮಿ ಮಾರಾಕ ಆಗಲಿಲ್ಲ."

ಎದ್ದ. ಹೊರಗೆ ನಡೆದ. ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ನಮ್ಮ ಕಡೆ ಬೆನ್ನು ಮಾಡಿ ಕುಳಿತ. ಕಂಪ್ಯೂಟರು ಕರೆಯಲಿ ಅಂತ. ಯಾವುದನ್ನು ಒತ್ತಿದರೂ ಬೇಕಾಗುವ ಓಟಿಪಿ ಬರುವ ಮೊಬೈಲು ಅವನ ಅಂಗಿ ಜೇಬಿನಲ್ಲಿತ್ತು.

ಇಂಟರ್ನೆಟ್ ಅಂಗಡಿಯ ಸಾಬರು ತಲೆ ಹಿಡಿದುಕೊಂಡರು. "ಅರೆ ಮಾಸ್ಟರ್ ಸಾಬ್, ಟೈಮ್ ಖತಂ ಆಗಾಕತ್ಯಾದ್ರಿ. ಜರಾ ತಿಳಿಸಿ ಹೇಳ್ರಿ."

ಈ ಬೇಸಿಗೆಯಲ್ಲಿ ನನ್ನ ಮಾತು ಯಾರಿಗೆ ತಿಳಿದಿತ್ತು? ಮಗಳ ಮುಖ ನೋಡಿದೆ. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಎದ್ದು ರಸ್ತೆ ದಾಟಿದಳು. ನಾನೂ ಹಿಂದೆ ಹೋದೆ.

ಅಪ್ಪನ ಪಕ್ಕದಲ್ಲಿ ಕುಳಿತಳು. ಅವನ ಹೆಗಲಿನ ಟವೆಲ್ ಎಳೆದು ಇಬ್ಬರ ಕೈ ಮೇಲೂ ಹಾಕಿದಳು.

ದಲಾಲಿ ಬೆಚ್ಚಿದ. ಆದರೆ ಟವೆಲ್ ಬಿದ್ದರೆ ಆ ಕೈ ಸುಮ್ಮನಿರುವ ಕೈ ಅಲ್ಲ. ಒಳಗೆ ಏನೋ ಹಿಡಿದ. ಅವಳು ತಲೆ ಅಲ್ಲಾಡಿಸಿ ಬೇರೆ ಹಿಡಿದಳು.

"ಈ ಸಲ ಮಳಿ ಚಲೋ ಆಗ್ಯಾದ ಅಲ್ಲಪ್ಪಾ?" ಅಂದಳು ಬೀದಿ ನೋಡುತ್ತ.

"ಹತ್ತಿಗೆ ಸಾಲೂದಿಲ್ಲ," ಅಂದ ಅವನು ಆಕಾಶ ನೋಡುತ್ತ.

ಟವೆಲ್ ಕುಣಿಯಿತು. ಮೂರು ಅಂದನೋ, ಅವಳು ಒಂದು ಅಂದಳೋ, ನಮಗೇನು ಕಾಣುತ್ತದೆ? ಚಹಾದವನು ಚಹಾ ಸೋಸುವುದು ಬಿಟ್ಟು ನಿಂತ. ಸಾಬರು ಬಾಗಿಲಿಗೆ ಬಂದು ಗಡಿಯಾರ ತೋರಿಸಿದರು. ದಲಾಲಿಯ ಹಣೆಯಲ್ಲಿ ಬೆವರು ಬಂತು. ಒಮ್ಮೆ ಕಕ್ಕುಲಾತಿಯಿಂದ ಅವಳನ್ನು ನೋಡಿದ. ಅವಳು ನೋಡಲಿಲ್ಲ. ಕೈ ಕೊಡವಿ, ಬಿಟ್ಟು ಎದ್ದಳು. ಎರಡು ಹೆಜ್ಜೆ ಹೋದಳು. ಹಿಂದೆ ಹೊಳ್ಳಿ ನೋಡಲಿಲ್ಲ.

"ಏ, ಬಾ ಬಾ ಬಾ," ಅಂದ ದಲಾಲಿ.

ಬಂದಳು. ಟವೆಲ್ ಮತ್ತೆ ಬಿತ್ತು. ಒಂದೇ ಬೆರಳು ಹಿಡಿದಿರಬೇಕು. ನಲವತ್ತು ವರ್ಷದ ರೂಢಿ, ಬಾಯಿ ತಾನೇ ತೆರೆಯಿತು.

"ಹ್ಞೂಂ."

"ಹಗ್ಗ ಕೊಡು," ಅಂದಳು ಮಗಳು, ಕೈ ಚಾಚಿ.

ಎಮ್ಮೆಯ ಹಗ್ಗ ಕೊಡುವ ಹಾಗೆಯೇ ಮೊಬೈಲು ತೆಗೆದು ಕೊಟ್ಟ. ಅವಳು ಓಡಿದಳು. ಅವನಿಗೆ ಎಚ್ಚರವಾಗಿ "ಏ, ಹಂಗಲ್ಲ..." ಅನ್ನುವಷ್ಟರಲ್ಲಿ ಚಹಾದವನು ಗದರಿದ. "ಏನ್ ದಲಾಲಿ, ಹ್ಞೂಂ ಅಂದು ಹಿಂದ ಸರೀತಿ?"

ದಲಾಲಿ ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡ. ಒಳಗಿನಿಂದ ಸಾಬರ "ಹೋ ಗಯಾ! ಆತ್ರಿ!" ಕೇಳಿತು.

ನನ್ನ ಕಡೆ ತಿರುಗಿದ. ಕಣ್ಣಲ್ಲಿ ನೀರು. ಅಂತೂ ಮಗಳ ಓದಿನ ಬೆಲೆ ತಿಳಿಯಿತು ಅಂತ ನಾನೂ ಪಕ್ಕದಲ್ಲಿ ಕುಳಿತೆ.

"ಮಾಸ್ತರ್ರ, ಈ ಸಂತ್ಯಾಗ ನನ್ನ ಮ್ಯಾಲ ಇನ್ನೂ ತನಕ ಒಬ್ಬಾಂವನೂ ಗೆದ್ದಿಲ್ರಿ. ಇಕಿ ಗೆದ್ದಳು. ಎಂಥಾ ಕೈರಿ ಇಕಿದು! ಇಂಥಾಕಿ ಡಾಕ್ಟರ್ ಆಗಿ ಏನು ಮಾಡತಾಳ? ದಲಾಲಿ ಆಗಲಿ. ಆ ಸೀಟು ರದ್ದು ಮಾಡಿಸ್ರಿ."

ನಾನು ಎದ್ದೆ. ಮನೆಯ ದಾರಿ ಹಿಡಿದೆ. "ಮಾಸ್ತರ್ರ, ಏ ಮಾಸ್ತರ್ರ" ಎಂದು ಓಣಿ ತಿರುಗುವ ತನಕ ಕೂಗುತ್ತಿದ್ದ.

ಹಿಂದೆ ಹೊಳ್ಳಿ ನೋಡಲಿಲ್ಲ. ಆ ವಿದ್ಯೆ ಕಲಿಸಿದವನೂ ಅವನೇ.