ಅಡ್ಡಗೀಟಿನ ಪಕ್ಕದ ಜಾಗ

ತಪ್ಪು ಮಾಡುವುದರಲ್ಲೂ ಒಂದು ಸುಖವಿದೆ ಎಂದು ನನಗೆ ತಿಳಿದದ್ದು ಐವತ್ತಾರನೆಯ ವಯಸ್ಸಿನಲ್ಲಿ. ಅದುವರೆಗೂ ಅಚ್ಚುಕಟ್ಟಿನ ಮನುಷ್ಯ ಎಂಬ ಹೆಸರು ಹೊತ್ತಿದ್ದೆ. ಮಲ್ಲಂದೂರು ಕಡೆಯ ಕಾಫಿ ಎಸ್ಟೇಟೊಂದರಲ್ಲಿ ನಾನು ರೈಟರ್. ರೈಟರ್ ಎಂದರೆ ಕಥೆಗಿಥೆ ಬರೆಯುವವನಲ್ಲ; ತೋಟದಲ್ಲಿ ಯಾರು ಯಾವ ಕೆಲಸ ಮಾಡಬೇಕೆಂದು ದಿನಾ ಪಟ್ಟಿ ಬರೆಯುವವನು. ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದಲ್ಲಿ, ಅವರ ಮನೆಯ ಕ್ಯಾಲೆಂಡರ್ ಸೊಟ್ಟಗಿದೆಯೆಂದು ಎದ್ದು ನೆಟ್ಟಗೆ ಮಾಡಿ ಬಂದವನು ನಾನು. ಆ ಸಂಬಂಧ ಅಲ್ಲಿಗೇ ನಿಂತಿತು.

ಮೊದಲೆಲ್ಲ ಬೆಳಿಗ್ಗೆ ಆಫೀಸಿನ ಜಗಲಿಯಲ್ಲಿ ನಿಂತು ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಹನ್ನೆರಡು ಜನ ಅರ್ಧ ಕೇಳಿ, ಅರ್ಧ ಜಗಳವಾಡಿ, ನನ್ನ ಕೈಯ ಕಾಫಿ ಕುಡಿದು ಹೋಗುತ್ತಿದ್ದರು. ಈ ವರ್ಷ ಹೊಸ ಮ್ಯಾನೇಜರ್ ಬಂದು, ಪಟ್ಟಿ ಇನ್ನು ಎಲ್ಲರ ಫೋನಿಗೇ ಹೋಗಲಿ ಎಂದರು. ಬರೆಯುವ ಕ್ರಮವನ್ನೂ ಕಲಿಸಿದರು: ಸಾಲಿನ ಮೊದಲಿಗೆ ಒಂದು ಅಡ್ಡಗೀಟು, ಪಕ್ಕದಲ್ಲಿ ಒಂದಕ್ಷರದಷ್ಟು ಖಾಲಿ ಜಾಗ, ಆಮೇಲೆ ಕೆಲಸದ ಹೆಸರು. ಹಾಗೆ ಬರೆದರೆ ಗೀಟು ಮಾಯವಾಗಿ ಮುದ್ದಾದ ಚುಕ್ಕೆ ಬರುತ್ತದೆ, ಕೆಲಸಗಳು ಒಂದರ ಕೆಳಗೊಂದು ನಿಲ್ಲುತ್ತವೆ. ಚುಕ್ಕೆಗಳೇನೋ ನಿಂತವು, ಜನ ಮಾತ್ರ ನೆಟ್ಟಗೆ ತೋಟಕ್ಕೆ ಹೋದರು. ಹನ್ನೆರಡು ಜನರ ಅಳತೆ ಕಲಿತ ಕೈಗೆ ಒಂದು ಲೋಟ ಕಾಫಿ ಮಾಡಲು ಬರುವುದಿಲ್ಲ. ಬೇಜಾರು ಎಂದರೆ ಸಣ್ಣ ಮಾತಾಯಿತು. ಗೋಡೆಯ ಹಲ್ಲಿಯನ್ನೂ ಮಾತಾಡಿಸಿದ್ದೇನೆ.

ಒಂದು ದಿನ ಅವಸರದಲ್ಲಿ ಆ ಖಾಲಿ ಜಾಗ ಬಿಡುವುದನ್ನೇ ಮರೆತೆ. ಚುಕ್ಕೆ ಬರಲಿಲ್ಲ, ಸಾಲುಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾದವು. ಐದೇ ನಿಮಿಷದಲ್ಲಿ ಮೇಸ್ತ್ರಿ ಸುಶೀಲಮ್ಮ ಉಳಿದ ಹನ್ನೊಂದು ಜನರನ್ನೂ ಕಟ್ಟಿಕೊಂಡು ಜಗಲಿಗೆ ಬಂದರು.

"ಏನ್ರೀ ರೈಟ್ರೇ, ಮೆಣಸಿನ ಬಳ್ಳಿ ಕಟ್ಟೋದು ಅಂತಿದೆ, ಪಕ್ಕದಲ್ಲೇ ನನ್ನ ಹೆಸರಿದೆ. ಬಳ್ಳಿ ಜೊತೆ ನನ್ನನ್ನೂ ಮರಕ್ಕೆ ಕಟ್ಟಿಸ್ತೀರಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಓಡಿಹೋಗಿ ಹಾಲು ಒಲೆಗಿಟ್ಟೆ. ಮರುದಿನವೂ ಜಾಗ ಬಿಡಲಿಲ್ಲ. ಅದು ಮರೆವಲ್ಲ, ನಿಮ್ಮಲ್ಲಿ ಮುಚ್ಚಿಡುವುದೇನು? ನಾಲ್ಕು ದಿನ ಜಗಲಿ ತುಂಬಿತ್ತು.

ಐದನೆಯ ದಿನ ಯಾರೂ ಬರಲಿಲ್ಲ. ಹತ್ತು ಗಂಟೆಯವರೆಗೆ ಕಾದು, ತಡೆಯಲಾರದೆ ತೋಟಕ್ಕೇ ಇಳಿದೆ. "ಪಟ್ಟಿ ಅರ್ಥ ಆಯ್ತಾ?" ಎಂದು ಸುಶೀಲಮ್ಮನನ್ನು ಕೇಳಿದೆ.

"ಆಯ್ತಲ್ಲ ಮಾರಾಯ್ರೇ. ಗೀಟು ಬಂದಲ್ಲೆಲ್ಲ ಬೇರೆ ಕೆಲ್ಸ ಅಂತ ಓದ್ಕೊಳ್ತೀವಿ, ರೂಢಿ ಆಗಿದೆ," ಎಂದವರು ದನಿ ತಗ್ಗಿಸಿದರು. "ನಾವು ಬರ್ಬೇಕು ಅಂತಿದ್ರೆ ಕಾಫಿಗೆ ಬನ್ನಿ ಅಂತ ಒಂದು ಮಾತು ಹೇಳಿ. ಬರಲ್ಲ ಅಂತೀವಾ?"

"ಛೆ ಛೆ, ಹಾಗೇನಿಲ್ಲ," ಎಂದೆ.

ಮರುದಿನ ಬೆಳಿಗ್ಗೆ ಪಟ್ಟಿಯನ್ನು ಜಾಗ ಬಿಟ್ಟು ಸರಿಯಾಗಿಯೇ ಬರೆದೆ. ಕೊನೆಯ ಚುಕ್ಕೆಗೆ, 'ಹತ್ತು ಗಂಟೆಗೆ ಎಲ್ಲರೂ ಜಗಲಿಗೆ ಕಾಫಿಗೆ ಬನ್ನಿ' ಎಂದು ಸೇರಿಸಿ ನೋಡಿದೆ. ಮೂವತ್ತು ವರ್ಷ 'ಕಳೆ ಕೊಚ್ಚಿ', 'ಗೊಬ್ಬರ ಹೊರಿ' ಎಂದು ಬರೆಯಲು ಹಿಂಜರಿಯದ ನನಗೆ ಆ ಒಂದು ಸಾಲಿಗೆ ನಾಚಿಕೆಯಾಯಿತು. ಅಳಿಸಿದೆ. ಆಮೇಲೆ ಅಡ್ಡಗೀಟುಗಳನ್ನೂ ಒಂದೊಂದಾಗಿ ಕಿತ್ತು, ಎಲ್ಲ ಕೆಲಸಗಳನ್ನೂ ಒಂದೇ ಸಾಲಿಗೆ ಸೇರಿಸಿ ಕಳಿಸಿದೆ. ಇದನ್ನು ಹೇಗೆ ಓದುತ್ತಾರೋ ನೋಡೋಣ.