ನಡುವಿನ ಸ್ಥಿತಿಯಲ್ಲಿ ರುದ್ರಪ್ಪನವರು

ಭೌತಶಾಸ್ತ್ರವನ್ನು ಯಾರಿಗೆ ಬೇಕಾದರೂ ಅರ್ಥ ಮಾಡಿಸಬಲ್ಲೆ ಎಂಬ ಧೈರ್ಯ ನನಗಿತ್ತು. ಶಿಕಾರಿಪುರದ ಕಾಲೇಜಿನಲ್ಲಿ ಅದನ್ನೇ ಮಾಡಿಕೊಂಡು ಬಂದವನು. ಅರ್ಥವಾಯಿತೇ ಎಂದು ಯಾರನ್ನೂ ಕೇಳಿರಲಿಲ್ಲ, ಅಷ್ಟೆ!

ಅಣ್ಣನ ಮಗಳು ಸುಮಾಳನ್ನು ನೋಡಲು ಕುಪ್ಪಗಡ್ಡೆಯಿಂದ ಗಂಡಿನವರು ಬಂದಿದ್ದರು. ಹುಡುಗ ಮಹೇಶ ದನದ ಡಾಕ್ಟರು. ಇಬ್ಬರಿಗೂ ಒಪ್ಪಿಗೆ. ಉಳಿದದ್ದು ಒಂದೇ ತೊಡಕು. ಸುಮಾಳದು ಲೇಸರ್ ಲ್ಯಾಬಿನ ಕೆಲಸ. ಹುಡುಗನ ತಾಯಿ ಗೌರಮ್ಮನವರಿಗೆ ಅದರ ಭಯ. ಭಯ ಹೋದರೆ ಮದುವೆ, ಇಲ್ಲದಿದ್ದರೆ ಇಲ್ಲ.

"ನಾನೇ ಹೇಳ್ತೀನಿ ಚಿಕ್ಕಪ್ಪ," ಎಂದಳು ಸುಮಾ.

"ನೀ ಸುಮ್ನಿರವ್ವ!" ಎಂದೆ ನಾನು.

ಗೌರಮ್ಮನವರು ನೀಲಿ ಸೀರೆ ಉಟ್ಟಿದ್ದರೆಂದು ನನ್ನ ನೆನಪು. ಹಸಿರು ಎನ್ನುತ್ತಾಳೆ ಹೆಂಡತಿ. ನನ್ನ ನೆನಪನ್ನು ನಾನೂ ಅಷ್ಟಾಗಿ ನಂಬುವುದಿಲ್ಲ. ಆದರೆ ನಾನು ಎದ್ದು ನಿಂತೆ ಎಂಬುದಕ್ಕೆ, ದುರದೃಷ್ಟವಶಾತ್, ಸಾಕ್ಷಿಗಳಿದ್ದಾರೆ.

"ಇವಳ ಲ್ಯಾಬಿನಾಗೆ ಪರಮಾಣುಗಳ ಮೋಡನ ವಿಪರೀತ ತಣ್ಣಗೆ ಮಾಡ್ತಾರ್ರಿ. ಎಲ್ಲಾ ಸೇರಿ ಒಂದೇ ಜೀವ ಆದಂಗೆ ಆಗ್ತಾವೆ. ಆಮೇಲೆ ಎರಡು ಲೇಸರ್ ಬಿಟ್ಟು, ಎರಡೆರಡನ್ನ ಜೋಡಿ ಮಾಡಿ ಅಣು ಮಾಡ್ತಾರೆ."

"ಜೋಡಿ ಮಾಡೋದಾ?" ಗೌರಮ್ಮನವರ ಮುಖ ಸಡಿಲವಾಯಿತು. "ಮದುವೆ ಇದ್ದಂಗೆ ಅನ್ನಿ."

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ!

"ನೇರವಾಗಿ ಕೂಡಿಸಾಕ್ ಆಗಲ್ಲ. ನಡುವೆ ಒಂದು ಸ್ಥಿತಿ ಬೇಕು." ಉದಾಹರಣೆ ಹುಡುಕಿದೆ. ಎದುರಿಗೇ ಕೂತಿದ್ದರು, ಸಂಬಂಧ ಕುದುರಿಸಿದ ರುದ್ರಪ್ಪನವರು. "ನಮ್ಮ ರುದ್ರಪ್ಪಣ್ಣ ಇದ್ದಂಗೆ! ಆದ್ರೆ ಅಲ್ಲಿ ಒಂದು ಗಳಿಗೆನೂ ನಿಲ್ಲಂಗಿಲ್ಲ. ನಿಂತ್ರೆ ಜೋಡಿ ಮುರಿದು, ಬಿಸಿಯಾಗಿ, ಇಡೀ ಮೋಡನೇ ಹಾಳು!"

ರುದ್ರಪ್ಪನವರು ಮಂಡಕ್ಕಿ ತಟ್ಟೆ ಕೆಳಗಿಟ್ಟರು. "ನನ್ನಿಂದ ಹಾಳು ಅಂತೀರಾ?"

"ಛೆ ಛೆ! ನಿಮ್ಮನ್ನ ಖಾಲಿ ಇಡಬೇಕು ಅಂತ ಅಷ್ಟೆ."

"ಖಾಲಿನೇ ಇಟ್ಟೀರಲ್ಲ. ಬಂದು ಇಷ್ಟೊತ್ತಾತು, ಇನ್ನೂ ಚಾ ಕಂಡಿಲ್ಲ."

ಸರಿಪಡಿಸಲು ಹೋದೆ. "ಗುಟ್ಟು ಬೇರೆ ಐತಿ. ಎರಡನೇ ಲೇಸರನ್ನೇ ಮೊದ್ಲು ಹಚ್ಚಬೇಕು. ಅಂದ್ರೆ ಗಂಡಿನ ಮನೆ ದಾರಿ ಮೊದ್ಲೇ ತೆರೆದಿಟ್ರೆ, ಹೆಣ್ಣು ನಡುವಿನವರ ಹೊಸ್ತಿಲೂ ತುಳೀದೆ ದಾಟಿಬಿಡ್ತದೆ!"

ರುದ್ರಪ್ಪನವರು ಟವೆಲ್ ಕೊಡವಿ ಎದ್ದರು. ನಮ್ಮ ಕಡೆ ಮಧ್ಯಸ್ಥರು ಮಾತಿನ ನಡುವೆ ಎದ್ದು ಹೋದರೆ ಸಂಬಂಧ ಮುಗಿದಂತೆಯೇ. ಗೌರಮ್ಮನವರೂ ಎದ್ದರು. ಅಣ್ಣನ ಮುಖ ಬಿಳಿಚಿತು. ರುದ್ರಪ್ಪನವರ ಒಂದು ಕಾಲು ಆಗಲೇ ಚಪ್ಪಲಿಯೊಳಗಿತ್ತು.



"ಎಷ್ಟು ತಣ್ಣಗಿರ್ತದೆ ಆ ಮೋಡ?" ಮಹೇಶ ಸುಮಾಳನ್ನು ಕೇಳಿದ. "ನಾವು ಹೋರಿ ವೀರ್ಯ ಇಡೋ ನೈಟ್ರೋಜನ್ ಕ್ಯಾನಿನಷ್ಟಾ?"

ಹಿರಿಯರೆಲ್ಲ ಛಾವಣಿ ನೋಡಿದರು.

"ನಮ್ಮ ಲೆಕ್ಕದಾಗೆ ನಿಮ್ಮ ಕ್ಯಾನು ಕುದಿಯೋ ಹಂಡೆ," ಎಂದಳು ಸುಮಾ.

ಮಹೇಶ ಗಟ್ಟಿಯಾಗಿ ನಕ್ಕ. ಗೌರಮ್ಮನವರು ಅವಳತ್ತ ತಿರುಗಿದರು. "ಹಂಗಾದ್ರೆ ಮೈಗೆ ಏನೂ ಆಗಲ್ವನೇ?"

"ಕಣ್ಣು ಜೋಪಾನ ಮಾಡಬೇಕ್ರಿ. ಅದಕ್ಕೆ ಕನ್ನಡಕ ಹಾಕ್ಕೊಂತೀವಿ. ನಿಮ್ಮ ಮಗ ಹೋರಿ ಹಿಂದೆ ನಿಲ್ಲೋದು ಇದಕ್ಕಿಂತ ಅಪಾಯ."

"ಅದು ಹೌದು ಮಾರಾಯ್ತಿ! ಹೋದ ವರ್ಷ ಒದೆ ತಿಂದು ಮಲಗಿದ್ದ." ಗೌರಮ್ಮನವರು ಕೂತರು. "ರುದ್ರಣ್ಣ, ಬಾ ಒಳಗೆ. ದಿನ ನೋಡ್ಸಾಣ."

ರುದ್ರಪ್ಪನವರು ಬಂದರು, ಒಂದು ಷರತ್ತಿನ ಮೇಲೆ: ಮದುವೆಯಲ್ಲಿ ಈ ಮೇಷ್ಟ್ರು ಗಂಡಿನವರ ಹತ್ತಿರ ಬಾಯಿ ಬಿಡುವಂತಿಲ್ಲ. ಸಭೆ ಸರ್ವಾನುಮತದಿಂದ ಒಪ್ಪಿತು. ಮೊದಲು ಕೈ ಎತ್ತಿದ್ದು ನನ್ನ ಹೆಂಡತಿ.

ಮದುವೆಯ ದಿನ ನನ್ನನ್ನು ಛತ್ರದ ಹಿಂಭಾಗದಲ್ಲಿ ಐಸ್‌ಕ್ರೀಮ್ ಡಬ್ಬಗಳ ಕಾವಲಿಗೆ ಕೂರಿಸಿದರು. ತಣ್ಣಗಿಡುವುದಷ್ಟೇ ಕೆಲಸ.

ಎಲ್ಲವೂ ಕರಗಿತು!